ಫ್ಲಾಟ್ ಡಿಸೈನ್ ಇರಲಿ, ಆದರೆ ಬಟನ್ ಬಟನ್ನಿನಂತೆ ಕಾಣಲಿ

ಮೈಸೂರು, ಮಂಡ್ಯದ ಅಂಗಡಿಗಳಿಗೆ, ಸಹಕಾರ ಸಂಘಗಳಿಗೆ ಆ್ಯಪ್ ಮಾಡಿಕೊಡುವ ಗೆಳೆಯರಿಗೆ ಒಂದು ಸಲಹೆ. 2013ರಲ್ಲಿ ಐಫೋನಿನ ಕಾರ್ಯಾಚರಣಾ ತಂತ್ರಾಂಶ ಐಓಎಸ್ 7 ಬಂದ ಮೇಲೆ ನೆರಳು, ಉಬ್ಬು ತೆಗೆದ ಸಪಾಟು ವಿನ್ಯಾಸ ಎಲ್ಲೆಡೆ ಹಬ್ಬಿತು. ನೋಡಲು ಚೆಂದವೇ. ಆದರೆ ಯಾವುದನ್ನು ಒತ್ತಬೇಕು, ಯಾವುದನ್ನು ಬರೀ ಓದಬೇಕು ಅನ್ನೋದೇ ತಿಳಿಯದಿದ್ದರೆ ಆ ಚೆಂದ ಯಾರಿಗೆ ಬೇಕು? ಗೂಗಲ್ 2014ರಲ್ಲಿ ತಂದ ಮಟೀರಿಯಲ್ ಡಿಸೈನ್ ಎಂಬ ವಿನ್ಯಾಸ ಪದ್ಧತಿ ಸಪಾಟು ಬಣ್ಣಗಳ ಜೊತೆಗೆ ನೆರಳನ್ನೂ ಇಟ್ಟುಕೊಂಡಿತು. ಮುಖ್ಯ ಬಟನ್ನಿಗೆ ನೀವೂ ತೆಳುವಾದ ನೆರಳು ಕೊಡಿ. ಒಂದು ಬಣ್ಣವನ್ನು ಒತ್ತುವ ಜಾಗಗಳಿಗೆಂದೇ ಮೀಸಲಿಡಿ, ಶೀರ್ಷಿಕೆಗೆ ಅದನ್ನು ಬಳಸಲೇಬೇಡಿ.

ಬಿಳಿ ಹಿನ್ನೆಲೆಯ ಮೇಲೆ ತಿಳಿಬೂದು ಅಕ್ಷರ ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ತಪ್ಪು. ನಮ್ಮ ಮಂಡ್ಯದ ರೈತರು ಕಬ್ಬಿನ ಗದ್ದೆ ಬದುವಿನ ಮೇಲೆ, ಸುಡುಬಿಸಿಲಲ್ಲಿ ನಿಂತು ಫೋನ್ ನೋಡುವವರು. ವೆಬ್ ಎಲ್ಲರಿಗೂ ಬಳಸಲು ಆಗುವಂತಿರಲಿ ಅಂತ ಮಾಡಿದ ಡಬ್ಲ್ಯೂಸಿಎಜಿ ಮಾನದಂಡ ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5:1 ಕಾಂಟ್ರಾಸ್ಟ್ (ಅಕ್ಷರ ಮತ್ತು ಹಿನ್ನೆಲೆಯ ಹೊಳಪಿನ ಅನುಪಾತ) ಕೇಳುತ್ತದೆ. ಬಿಸಿಲಿಗೆ ಇನ್ನೂ ಹೆಚ್ಚೇ ಇಡಿ. ಕನ್ನಡಕ್ಕೆ ಸಾಲುಗಳ ನಡುವೆ ಜಾಗವೂ ಜಾಸ್ತಿ ಬೇಕು. ಇಲ್ಲದಿದ್ದರೆ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ, ಬಟನ್ನಿನೊಳಗಾದರೆ ಕತ್ತರಿಸಿಯೇ ಹೋಗುತ್ತದೆ.

ಐಕಾನ್ ಕೆಳಗೆ ಹೆಸರು ಬರೆಯಿರಿ. ಆಮೇಲೆ ಆ್ಯಪ್ ನೋಡಿಯೇ ಇರದ ಒಬ್ಬರ ಕೈಗೆ ಫೋನ್ ಕೊಟ್ಟು, ಏನೂ ಹೇಳಿಕೊಡದೆ, ಅವರು ಎಲ್ಲಿ ಒತ್ತುತ್ತಾರೆ ಅಂತ ಗಮನಿಸಿ.