ಹನ್ನೆರಡೂವರೆಗೆ ಮನೆ: ಐದು ಮಕ್ಕಳಿಗೆ ನಾನು ಮೈಸೂರು ತೋರಿಸಿದ್ದು

ಈ ಬೇಸಿಗೆ ರಜೆಗೆ ಹುಬ್ಬಳ್ಳಿಯಿಂದ ನಾದಿನಿ, ಅವಳ ಗಂಡ, ಇಬ್ಬರು ಮಕ್ಕಳು ಬಂದರು. ಬೆಂಗಳೂರಿನಿಂದ ಭಾವ, ಓರಗಿತ್ತಿ, ಅವರ ಇಬ್ಬರು. ನಾವು, ನಮ್ಮ ಮಗ, ಅತ್ತೆ ಸೇರಿ ಮನೆಯಲ್ಲಿ ಹನ್ನೆರಡು ತಲೆ. ಮಕ್ಕಳೇ ಐದು, ಎರಡು ವರ್ಷದ್ದರಿಂದ ಒಂಬತ್ತರವರೆಗೆ. ಭಾನುವಾರ ಬಂದವರು ಶನಿವಾರ ಹೊರಟರು. ಒಂದು ಮಗುವಿಗೂ ಜ್ವರ ಬರಲಿಲ್ಲ, ಯಾರೂ ಮುಖ ಊದಿಸಿಕೊಂಡು ಹೋಗಲಿಲ್ಲ. ಮೈಸೂರಿನಲ್ಲಿ ಮನೆ ಮಾಡಿಕೊಂಡಿರುವವರಿಗೆ ಇದೆಷ್ಟು ದೊಡ್ಡ ಮಾತು ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ನಾನು ಮಾಡಿದ್ದು ಇಷ್ಟು: ದಿನಕ್ಕೆ ಒಂದೇ ಜಾಗ. ಬೆಳಗ್ಗೆ ಬೇಗ ಮನೆ ಬಿಡೋದು, ಹನ್ನೆರಡೂವರೆಗೆ ವಾಪಸ್ ಬಂದು ಮನೆ ಊಟ, ಆಮೇಲೆ ಮಕ್ಕಳಿಗೆಲ್ಲ ನಿದ್ದೆ. ಸಂಜೆ ಮನಸ್ಸಿದ್ದರೆ ಹೊರಗೆ, ಇಲ್ಲದಿದ್ದರೆ ಮಹಡಿ ಮೇಲೆ. ಮೊದಲು ಹೇಳಿದಾಗ ಒಬ್ಬರೂ ಒಪ್ಪಲಿಲ್ಲ. "ಅಷ್ಟು ದೂರದಿಂದ ಬಂದೋರನ್ನ ಮನೇಲಿ ಮಲಗಿಸ್ತೀಯಾ?" ಅಂದರು ಅತ್ತೆ. ಭಾವ, "ದಿನಾ ಮನೆಗೆ ಬಂದು ಹೋಗೋದು ಅಂದ್ರೆ ಪೆಟ್ರೋಲ್ ದಂಡ ಕಣಮ್ಮ" ಅಂದರು.

ಆದರೆ ದಂಡ ಅಂದರೆ ಏನು ಅಂತ ನಾನು 2022ರಲ್ಲೇ ನೋಡಿದ್ದೆ. ಆಗ ಟಿಟಿ (ಟೆಂಪೋ ಟ್ರಾವೆಲರ್) ಮಾಡಿಸಿ, ಎರಡು ದಿನಕ್ಕೆ ಎಂಟು ಜಾಗ ಅಂತ ಪಟ್ಟಿ ಹಾಕಿದ್ದರು. ಬೆಟ್ಟದ ತಿರುವುಗಳಲ್ಲಿ ಓರಗಿತ್ತಿಯ ಮಗಳು ಎರಡು ಸಲ ವಾಂತಿ ಮಾಡಿಕೊಂಡಳು. ಮಧ್ಯಾಹ್ನ ಮೂರಕ್ಕೆ ಅರಮನೆ ಅಂಗಳದಲ್ಲಿ ನಾದಿನಿಯ ಮಗ ನೆಲಕ್ಕೆ ಬಿದ್ದು ಅತ್ತ, ಹಸಿವೋ ನಿದ್ದೆಯೋ ಯಾರಿಗೂ ತಿಳಿಯಲಿಲ್ಲ. ಮಾರನೇ ದಿನ ಮಂಗಳವಾರ. ಮೃಗಾಲಯಕ್ಕೆ ಮಂಗಳವಾರ ರಜೆ ಅಂತ ನಮ್ಮ ಬೀದಿಯ ಮಕ್ಕಳಿಗೂ ಗೊತ್ತು, ಆದರೆ ಪಟ್ಟಿ ಹಾಕಿದವರು ಬೆಂಗಳೂರಿನವರು, ನಾನೂ ಗಮನಿಸಿರಲಿಲ್ಲ. ಮುಚ್ಚಿದ ಗೇಟಿನ ಮುಂದೆ ನಾಲ್ಕು ಮಕ್ಕಳನ್ನು ಸಮಾಧಾನ ಮಾಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಟಿಟಿಗೆ ಹದಿನಾಲ್ಕು ಸಾವಿರ, ಹೋಟೆಲಿಗೆ ಒಂಬತ್ತರ ಹತ್ತಿರ, ಡಾಕ್ಟರು ಮಾತ್ರೆ ಅಂತ ಇನ್ನೊಂದೂವರೆ. ಟಿಕೆಟ್ಟು, ಐಸ್‌ಕ್ರೀಮು, ಬಲೂನು ಸೇರಿ ಇಪ್ಪತ್ತೆಂಟು ಸಾವಿರ ದಾಟಿತ್ತು.

ಮುಂದಿನ ವರ್ಷ ಇನ್ನೊಂದು ಪ್ರಯೋಗ ಮಾಡಿದೆ. ಸಣ್ಣ ಮಕ್ಕಳು ಮನೆಯಲ್ಲಿ, ದೊಡ್ಡವು ಹೊರಗೆ. ಮಕ್ಕಳಿಗೇನೂ ತೊಂದರೆಯಾಗಲಿಲ್ಲ, ಆದರೆ ಮನೆಯಲ್ಲಿ ಉಳಿಯುವವರು ಯಾರು ಅನ್ನುವುದರಲ್ಲೇ ಮಾತು ಬೆಳೆಯಿತು. ನಾದಿನಿ ಒಂದು ಇಡೀ ದಿನ ನನ್ನ ಜೊತೆ ಮಾತಾಡಲಿಲ್ಲ. ಅಲ್ಲಿಗೆ ಅದನ್ನು ಕೈಬಿಟ್ಟೆ.

ಈ ಸಲ ಭಾನುವಾರ ಸಂಜೆ ಅರಮನೆಯ ದೀಪ ಒಂದೇ. ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು ಏಳು ಗಂಟೆಗೆ ಒಮ್ಮೆಲೇ ಹತ್ತಿದಾಗ ಎರಡು ವರ್ಷದ ಪುಟ್ಟಿ ಚಪ್ಪಾಳೆ ತಟ್ಟಿದ್ದನ್ನು ನೋಡಿಯೇ ಅತ್ತೆ ಅರ್ಧ ನನ್ನ ಕಡೆ ವಾಲಿದರು. ಎಲ್ಲಿ ನಿಂತರೆ ತಲೆಗಳು ಅಡ್ಡ ಬರಲ್ಲ, ಗಾಡಿ ಎಲ್ಲಿ ಬಿಟ್ಟರೆ ಎಂಟಕ್ಕೆ ಸಲೀಸಾಗಿ ಹೊರಬೀಳಬಹುದು ಅನ್ನೋದನ್ನ ಮಾತ್ರ ನಾನು ಹೇಳಲ್ಲ, ಎಲ್ಲರೂ ಅಲ್ಲಿಗೇ ಬಂದರೆ ನನಗೆ ಜಾಗ ಸಿಗಲ್ಲ.

ಸೋಮವಾರ ಮೃಗಾಲಯ. ಎಂಟೂವರೆಗೆ ಗೇಟು ತೆಗೆಯುವಾಗ ನಾವು ಅಲ್ಲಿದ್ದೆವು. ಬೆಳಗಿನ ಹೊತ್ತು ಪ್ರಾಣಿಗಳೂ ಚುರುಕು, ಮಕ್ಕಳೂ ಚುರುಕು. 1892ರ ಮೃಗಾಲಯ, ಪೂರ್ತಿ ಸುತ್ತಿದರೆ ಸಣ್ಣವುಗಳ ಕಾಲು ನಿಲ್ಲಲ್ಲ. ಅದಕ್ಕೆ ಹಿಂದಿನ ರಾತ್ರಿಯೇ ಒಂದೊಂದು ಮಗುವಿಗೆ ಒಂದು ಪ್ರಾಣಿ ಆರಿಸಿಕೊಳ್ಳಿ ಅಂದಿದ್ದೆ. ಜಿರಾಫೆ, ಆನೆ, ಹುಲಿ, ಹಾವು, ಮತ್ತೆ ಜರ್ಮನಿಯಿಂದ ಬಂದ ಗೊರಿಲ್ಲಾ. ಆ ಐದನ್ನು ನಿಧಾನಕ್ಕೆ ನೋಡೋದು, ಉಳಿದದ್ದು ದಾರಿಯಲ್ಲಿ ಕಂಡಷ್ಟು. ಗೊರಿಲ್ಲಾದ ಮುಂದೆ ನಾದಿನಿಯ ಮಗ ಅರ್ಧ ಗಂಟೆ ಕೂತ. ಅದು ಗಡ್ಡ ಕೆರೆದುಕೊಂಡರೆ ಇವನೂ ಕೆರೆದುಕೊಳ್ಳುತ್ತಿದ್ದ. ಎಂಟು ಜಾಗದ ಪಟ್ಟಿ ಇದ್ದಿದ್ದರೆ ಅವನನ್ನು ಕೈ ಹಿಡಿದು ಎಳೆದುಕೊಂಡು ಹೋಗಬೇಕಾಗುತ್ತಿತ್ತು.

ಮಂಗಳವಾರ ರೈಲಿನಲ್ಲಿ ಶ್ರೀರಂಗಪಟ್ಟಣಕ್ಕೆ. ಟಿಕೆಟ್ ತಲೆಗೆ ಹತ್ತೋ ಹದಿನೈದೋ, ಐದರ ಒಳಗಿನವಕ್ಕೆ ಇಲ್ಲವೇ ಇಲ್ಲ. ಕಾವೇರಿ ಸೇತುವೆ ಮೇಲೆ ರೈಲಿನ ಸದ್ದು ಬದಲಾದಾಗ ಐದೂ ಕಿಟಕಿಗೆ ಅಂಟಿಕೊಂಡವು. ಸ್ಟೇಷನ್ನಿಂದ ರಂಗನಾಥಸ್ವಾಮಿ ದೇವಸ್ಥಾನಕ್ಕೆ ನಡೆದೇ ಹೋದೆವು. ಮೂರು ಸಾವಿರದ ಕಾರು ಕೊಡದ ಖುಷಿಯನ್ನು ಆ ರೈಲು ಕೊಟ್ಟಿತು.

ಚಾಮುಂಡಿ ಬೆಟ್ಟವನ್ನು ಬುಧವಾರಕ್ಕೆ ಇಟ್ಟೆ, ಮಂಗಳವಾರ ಶುಕ್ರವಾರ ಅಮ್ಮನ ದರ್ಶನದ ಸಾಲು ನಿಮಗೇ ಗೊತ್ತಲ್ಲ. ಸಿಟಿ ಬಸ್ ಸ್ಟ್ಯಾಂಡಿನಿಂದ 201 ಹಿಡಿದೆವು. ಶಕ್ತಿ ಯೋಜನೆಯಿಂದ ಹೆಂಗಸರಿಗೆ ಟಿಕೆಟ್ ಇಲ್ಲ, ಸಾದಾ ಬಸ್ಸಿಗೆ ಕಾಯಬೇಕು, ವೋಲ್ವೋದಲ್ಲಿ ನಡೆಯಲ್ಲ. ಹೊರಡುವಾಗ ಮಕ್ಕಳಿಗೆ ಹಾಲು ಕೊಡಲಿಲ್ಲ, ಒಣ ಅವಲಕ್ಕಿ ಒಂದು ಹಿಡಿ ಅಷ್ಟೇ. ತಿರುವುಗಳಲ್ಲಿ ಯಾರಿಗೂ ಹೊಟ್ಟೆ ತೊಳಸಲಿಲ್ಲ. ಸಾವಿರ ಮೆಟ್ಟಿಲು ಹತ್ತಿಸುವ ಗೋಜಿಗೆ ಹೋಗದೆ, ದರ್ಶನ ಮುಗಿಸಿ ಮೇಲಿನಿಂದ ನಂದಿಯವರೆಗೆ ಸುಮಾರು ಮುನ್ನೂರು ಮೆಟ್ಟಿಲು ಇಳಿಸಿದೆ. ನಂದಿ ಹತ್ತಿರ ನಮ್ಮವರು ಕಾರು ತಂದು ನಿಲ್ಲಿಸಿದ್ದರು, ಎರಡು ಟ್ರಿಪ್ ಹೊಡೆದರು. "ಬೆಟ್ಟ ಇಳಿದ್ವಿ!" ಅಂತ ಮಕ್ಕಳು ಹುಬ್ಬಳ್ಳಿ ಅಜ್ಜಿಗೆ ಫೋನಿನಲ್ಲಿ ಹೇಳಿದ್ದೇ ಹೇಳಿದ್ದು.

ಗುರುವಾರ ರಂಗನತಿಟ್ಟು. ಬಣ್ಣದ ಕೊಕ್ಕರೆ ಮರಿ ಮಾಡುವ ಕಾಲ, ದೋಣಿಯಿಂದ ಗೂಡುಗಳೆಲ್ಲ ಕೈಗೆಟುಕುವಷ್ಟು ಹತ್ತಿರ. ಬಂಡೆ ಮೇಲೆ ಬಾಯಿ ತೆರೆದು ಮಲಗಿದ್ದ ಮೊಸಳೆಯನ್ನು ನಮ್ಮ ಮಗ ಬೊಂಬೆ ಅಂತ ವಾದ ಮಾಡುತ್ತಿದ್ದ. ಅದು ಕಣ್ಣು ಮಿಟುಕಿಸಿದ ಮೇಲೆ ನನ್ನ ಸೆರಗು ಬಿಡಲಿಲ್ಲ.

ಅವತ್ತು ಸಂಜೆಯೇ ಭಾವ ಹಟ ಹಿಡಿದು ಎಲ್ಲರನ್ನೂ ಕೆಆರ್‌ಎಸ್‌ಗೆ ಹೊರಡಿಸಿದರು. ಕಾರಂಜಿ ಚೆನ್ನಾಗೇ ಇತ್ತು. ಆದರೆ ಗಾಡಿ ಹೊರತೆಗೆಯಲು ಮುಕ್ಕಾಲು ಗಂಟೆ, ಮನೆ ಸೇರಿದಾಗ ಹತ್ತೂಮುಕ್ಕಾಲು. ಮಕ್ಕಳು ಊಟ ಮಾಡದೆ ಮಲಗಿದವು, ಶುಕ್ರವಾರ ಎದ್ದಿದ್ದು ಒಂಬತ್ತಕ್ಕೆ. ಭಾವನೇ ಬಂದು "ನೀನು ಹೇಳಿದ್ದೇ ಸರಿ ಕಣಮ್ಮ" ಅಂದರು.

ಶುಕ್ರವಾರ ಅರಮನೆಯ ಒಳಗೆ. ಚಪ್ಪಲಿ ಬಿಟ್ಟ ಮೇಲೆ ಬಿಸಿಲಿನ ಕಲ್ಲು ಎಳೆ ಪಾದ ಸುಡುತ್ತೆ. ಐದು ಜೊತೆ ದಪ್ಪ ಕಾಲುಚೀಲ ಚೀಲದಲ್ಲಿ ಇಟ್ಟುಕೊಂಡಿದ್ದೆ, ಅಕ್ಕಪಕ್ಕದ ಅಮ್ಮಂದಿರು ನೋಡಿ ಕೇಳಿದರು. 1897ರಲ್ಲಿ ಹಳೇ ಮರದ ಅರಮನೆ ಸುಟ್ಟುಹೋಗಿ 1912ಕ್ಕೆ ಇದು ಎದ್ದಿತು ಅಂದಾಗ ದೊಡ್ಡವಳು "ಬೆಂಕಿ ಹೇಗೆ ಹತ್ತಿತು ಚಿಕ್ಕಮ್ಮ?" ಅಂತ ಹಿಡಿದುಕೊಂಡಳು. ಕಲ್ಯಾಣ ಮಂಟಪದಲ್ಲಿ ನವಿಲು ಎಣಿಸುವ ಪಂದ್ಯ ಇಟ್ಟೆ, ಮೂರು ಮಕ್ಕಳು ಮೂರು ಲೆಕ್ಕ ಹೇಳಿದವು.

ಅಡುಗೆ ಬೆಳಗ್ಗೆ ಐದೂವರೆಗೇ ಮುಗಿಯುತ್ತಿತ್ತು. ಅನ್ನ, ಸಾರು ಹಾಟ್‌ಬಾಕ್ಸಿನಲ್ಲಿ, ಮೊಸರು ಫ್ರಿಜ್ಜಿನಲ್ಲಿ, ಬಂದು ಹಪ್ಪಳ ಕರಿದರೆ ಊಟ. ಎರಡು ದಿನ ಪುಳಿಯೋಗರೆ. ಅದರ ಗೊಜ್ಜು ಮೇಲುಕೋಟೆಯ ಒಬ್ಬರ ಮನೆಯಿಂದ ಬರುತ್ತೆ, ವಿಳಾಸ ಯಾರಿಗೂ ಕೊಟ್ಟಿಲ್ಲ, ಅವರು ಮಾಡುವುದೇ ಸ್ವಲ್ಪ.

ಮಧ್ಯೆ ಇನ್ನೊಂದು ಪ್ರಯೋಗವೂ ನಡೆಯಿತು. ದೊಡ್ಡ ಮೂವರಿಗೆ ಬೆಳಗ್ಗೆ ಬೆಳಗ್ಗೆ ಐವತ್ತು ರೂಪಾಯಿ, ಉಳಿದದ್ದು ಅವರದೇ. ಮೊದಲ ದಿನವೇ ಬಲೂನಿಗೆ ಹೋಯಿತು. ಮೂರನೇ ದಿನದಿಂದ ಅಂಗಡಿ ಮುಂದೆ ನಿಂತು ಅವರೇ ಲೆಕ್ಕ ಹಾಕಿ ಮುಂದೆ ಹೋಗುತ್ತಿದ್ದರು. ಓರಗಿತ್ತಿಯ ಮಗಳು ನೂರೆಂಬತ್ತು ಉಳಿಸಿ, ವಾಪಸ್ ಹೋಗುವಾಗ ಹಳೇ ರಸ್ತೆಯಲ್ಲೇ ಹೋಗೋಣ ಅಂತ ಅಪ್ಪನನ್ನು ಒಪ್ಪಿಸಿ ಚನ್ನಪಟ್ಟಣದಲ್ಲಿ ಮರದ ಕುದುರೆ ಕೊಂಡಳು.

ಆರು ದಿನಕ್ಕೆ ದಿನಸಿ, ಹಾಲು, ತರಕಾರಿ ಏಳು ಸಾವಿರ, ಟಿಕೆಟ್ಟು ದೋಣಿ ಸೇರಿ ನಾಲ್ಕೂವರೆ, ಆಟೋ ಪೆಟ್ರೋಲು ಮೂರು, ಮಕ್ಕಳ ಕೈಗೆ ಎಂಟುನೂರರ ಹತ್ತಿರ. ಹದಿನೈದು ಚಿಲ್ಲರೆ. ಮೂರು ಮನೆಯೂ ಹಂಚಿಕೊಂಡೆವು.

ನಾದಿನಿ ಮೊನ್ನೆ ಫೋನ್ ಮಾಡಿ, "ಅತ್ತಿಗೆ, ದಸರಾಕ್ಕೂ ನಾವೇ ಬರ್ತೀವಿ, ಬೇರೆಯವರಿಗೆ ಒಪ್ಪಿಕೋಬೇಡಿ" ಅಂದಳು. ಅವಳ ಮಗನ ಕಾಲುಚೀಲ ಒಂದು ಜೊತೆ ಇಲ್ಲೇ ಉಳಿದಿದೆ, ಒಗೆದು ಬೀರುವಿನಲ್ಲಿ ಇಟ್ಟಿದ್ದೇನೆ.