ಗಿಲ್ಡ್‌ಫರ್ಡ್‌ನ ಎರಡು ಗುಡ್ಡ: ಚಪ್ಪಲಿಯಲ್ಲಿ ಹೋಗಬೇಡಿ

ಲಂಡನ್ ಕಡೆ ಇರುವವರಿಗೆ ಒಂದು ಸಲಹೆ. ವಾಟರ್‌ಲೂನಿಂದ ಗಿಲ್ಡ್‌ಫರ್ಡ್‌ಗೆ ರೈಲು ಹತ್ತಿ. ವೇ ನದಿಯ ದಂಡೆ ಹಿಡಿದು ದಕ್ಷಿಣಕ್ಕೆ ನಡೆದರೆ ಸೇಂಟ್ ಕ್ಯಾಥರೀನ್ಸ್ ಗುಡ್ಡ. ಮೇಲೆ 14ನೇ ಶತಮಾನದ ಪುಟ್ಟ ಚಾಪೆಲ್, ಈಗ ಸೂರಿಲ್ಲದ ಗೋಡೆಗಳಷ್ಟೇ. ಕೆಳಗಿಳಿದು ಕಾಲುಸೇತುವೆ ದಾಟಿ, ನಾರ್ತ್ ಡೌನ್ಸ್ ವೇ ಎಂಬ ಕಾಲುದಾರಿಯ ಗುರುತು ನೋಡುತ್ತಾ ಪೂರ್ವಕ್ಕೆ ಹೊರಡಿ. ಸುಮಾರು 4 ಕಿಲೋಮೀಟರ್‌ಗೆ ಎರಡನೇ ಗುಡ್ಡದ ಮೇಲಿನ ಸೇಂಟ್ ಮಾರ್ಥಾಸ್ ಚರ್ಚ್ ಸಿಗುತ್ತದೆ.

ಕೊನೆಯ ಏರು ಬರೀ ಮರಳು. ನಾನು ಸುಮ್ನೆ ಚಪ್ಪಲಿಯಲ್ಲಿ ಹೋಗಿ ಒದ್ದಾಡಿದೆ, ನೀವು ಶೂ ಹಾಕಿ. ಮೇಲೆ ಅಂಗಡಿ ಇಲ್ಲ, ನೀರು ಜಾಸ್ತಿಯೇ ಇರಲಿ. ಚರ್ಚ್ ಬಾಗಿಲು ತೆರೆದೇ ಇರುತ್ತದೆ ಅಂತ ನಂಬಬೇಡಿ.

ಮಕ್ಕಳು ಸುಸ್ತು ಅಂದರೆ ಅಲ್ಲಿನ ಕಥೆ ಹೇಳಿ: ಇಬ್ಬರು ರಾಕ್ಷಸಿ ಅಕ್ಕತಂಗಿಯರು ಒಂದೇ ಸುತ್ತಿಗೆಯನ್ನು ಗುಡ್ಡದಿಂದ ಗುಡ್ಡಕ್ಕೆ ಎಸೆದಾಡುತ್ತಾ ಚಾಪೆಲ್, ಚರ್ಚ್ ಎರಡನ್ನೂ ಕಟ್ಟಿದರಂತೆ!