ಮಳೆ ಬಂದರೆ ಟ್ರೌಟ್ ದಡಕ್ಕೆ ಬರುತ್ತದೆ

ಹನಿ ಬಿದ್ದ ಕೂಡಲೇ ಗಾಳ ಸುತ್ತಿಟ್ಟು ರೂಮು ಸೇರುವವರನ್ನು ಹಿಮಾಚಲದ ತೀರ್ಥನ್ ಹೊಳೆಯ ಹತ್ತಿರ ತುಂಬಾ ನೋಡಿದ್ದೇನೆ. ನನಗೆ ಮಾತ್ರ ಫ್ಲೈ, ಅಂದರೆ ಗಾಳಕ್ಕೆ ಗರಿ-ದಾರ ಸುತ್ತಿ ಮಾಡಿದ ಹುಸಿ ಹುಳು, ಹಾಕಲು ಜಿಟಿಜಿಟಿ ಮಳೆಯ ದಿನವೇ ಬೇಕು. ಟ್ರೌಟ್ ಎಂಬ ಈ ತಣ್ಣೀರಿನ ಮೀನು ಬಿಸಿಲಿದ್ದಾಗ ಮಹಾ ಅಂಜುಬುರುಕ. ತಿಳಿನೀರಿನ ಮೇಲೆ ನಮ್ಮ ನೆರಳು ಸರಿದರೆ ಸಾಕು, ಬಂಡೆಯಡಿ ಸೇರಿಬಿಡುತ್ತದೆ. ಮೋಡ ಮುಚ್ಚಿ ಹನಿ ಬೀಳುತ್ತಿದ್ದರೆ ಅದಕ್ಕೆ ನಾವು ಅಷ್ಟಾಗಿ ಕಾಣುವುದಿಲ್ಲ. ದಡದ ಹುಳುಹುಪ್ಪಟೆಯೂ ನೀರಿಗೆ ಬೀಳುತ್ತವೆ, ಮೀನು ತಿನ್ನುವ ಹುರುಪಿನಲ್ಲಿರುತ್ತದೆ.

ಬೆಂಗಳೂರಿನ ಸುತ್ತ ಟ್ರೌಟ್ ಬದುಕುವ ಹೊಳೆಯಿಲ್ಲ. ನೀರು 20 ಡಿಗ್ರಿ ದಾಟಿತೆಂದರೆ ಈ ಮೀನಿಗೆ ಸಂಕಟ. ಆದರೆ ನನ್ನ ತಯಾರಿಯೆಲ್ಲ ಇಲ್ಲೇ, ಬಸವನಗುಡಿಯ ಮನೆಯಲ್ಲಿ. ಗಾಂಧಿ ಬಜಾರಿನಲ್ಲಿ ಸಿಗುವ ನವಿಲುಗರಿ, ಮೋಟಾರ್ ರಿವೈಂಡಿಂಗ್ ಅಂಗಡಿಯ ಕೂದಲೆಳೆಯಂಥ ತಾಮ್ರದ ತಂತಿ, ಕೋಳಿ ಅಂಗಡಿಯಿಂದ ಕೇಳಿ ತಂದ ನಾಟಿ ಹುಂಜದ ಕತ್ತಿನ ಗರಿ. 12ನೇ ನಂಬರಿನ ಗಾಳಕ್ಕೆ ಮೊದಲು ದಾರ ಸುತ್ತಿ, ನವಿಲುಗರಿಯ ಮೂರ್ನಾಲ್ಕು ಎಳೆಗಳನ್ನು ಹುರಿಮಾಡಿ ಮೈ ತುಂಬಿಸುತ್ತೇನೆ. ಅದರ ಮೇಲೆ ತಂತಿಯನ್ನು ಎದುರು ದಿಕ್ಕಿನಲ್ಲಿ ಸುತ್ತಬೇಕು. ಹಾಗೆ ಮಾಡದಿದ್ದರೆ ಟ್ರೌಟಿನ ಹಲ್ಲು ತಾಗಿ ಎಳೆ ಹರಿದು, ಫ್ಲೈ ಒಂದೇ ಮೀನಿಗೆ ಬಿಚ್ಚಿಹೋಗುತ್ತದೆ.

ಎಸೆಯುವ ಅಭ್ಯಾಸಕ್ಕೂ ಬೆಂಗಳೂರಿನ ಮಳೆ ಒಳ್ಳೆಯದು. ಬೆನ್ನ ಹಿಂದೆ ಮರಗಳಿದ್ದಾಗ ಲೈನನ್ನು ಹಿಂದಕ್ಕೆ ಬೀಸದೆ ಮುಂದಕ್ಕೇ ಉರುಳಿಸುವ ರೋಲ್ ಕಾಸ್ಟ್ ಬೇಕಾಗುತ್ತದೆ. ಅದಕ್ಕೆ ನೀರು ಲೈನನ್ನು ತುಸು ಹಿಡಿದುಕೊಳ್ಳಬೇಕು. ಒಣ ನೆಲದಲ್ಲಿ ಲೈನ್ ಜಾರುತ್ತದೆ, ಒದ್ದೆ ಹುಲ್ಲಿನ ಮೇಲೆ ಹಿಡಿತ ಸಿಗುತ್ತದೆ. ಸಂಜೆ ಮಳೆ ನಿಂತ ಮೇಲೆ ಮೈದಾನಕ್ಕೆ ಹೋಗಿ, ತುದಿಗೆ ಗಾಳದ ಬದಲು ಉಲ್ಲನ್ ಚೂರು ಕಟ್ಟಿ ಬೀಸುತ್ತೇನೆ.

ಕಳೆದ ಸೆಪ್ಟೆಂಬರ್ ಕೊನೆಗೆ ತೀರ್ಥಹಳ್ಳಿ ಕಡೆಯ ಗೆಳೆಯನ ಜೊತೆ ಚಂಡೀಗಢ, ಔಟ್, ಬಂಜಾರ್ ದಾಟಿ ತೀರ್ಥನ್ ದಡದ ಗುಶೈನಿಗೆ ಹೋದೆ. ಮೀನುಗಾರಿಕೆ ಇಲಾಖೆಯ ಪರವಾನಗಿ ಮಾಡಿಸಿಕೊಂಡೆವು, ಅದಿಲ್ಲದೆ ಅಲ್ಲಿ ಗಾಳ ಹಾಕುವಂತಿಲ್ಲ. ಬೆಳಗಿನಿಂದ ಸೋನೆ. ಹೊಳೆ ಒಂದು ಗೇಣು ಏರಿ, ನೀರು ತೆಳು ಮಜ್ಜಿಗೆಯ ಬಣ್ಣಕ್ಕೆ ತಿರುಗಿತ್ತು. ನಾನು ಲೈನ್ ಬಿಚ್ಚುತ್ತಿದ್ದಂತೆ ಗೆಳೆಯ, "ಮಧ್ಯಕ್ಕೆ ಎಸೀಬೇಡ ಮಾರಾಯ, ಕಾಲ ಬುಡ ನೋಡು. ನಮ್ಮೂರಲ್ಲಿ ಹೊಸ ನೀರಿಗೆ ಮೀನು ಹತ್ತೋದೂ ಅಂಚಲ್ಲೇ" ಅಂದ. ಮಲೆನಾಡಿನ ಹತ್ತುಮೀನು ಬರುವುದು ಮೊಟ್ಟೆಯಿಡಲು. ಬ್ರೌನ್ ಟ್ರೌಟ್ ಮೊಟ್ಟೆಯಿಡುವುದು ಚಳಿಗಾಲದಲ್ಲಿ, ನವೆಂಬರಿನಿಂದ ಫೆಬ್ರವರಿವರೆಗೆ ಅಲ್ಲಿ ಮೀನು ಹಿಡಿಯುವುದಕ್ಕೆ ನಿಷೇಧವಿರುವುದೂ ಅದಕ್ಕೇ. ಕಾರಣ ಬೇರೆ, ಜಾಗ ಮಾತ್ರ ಅವನು ಹೇಳಿದ್ದೇ. ಸೆಳವು ಜೋರಾದಾಗ ಟ್ರೌಟ್ ಬಂಡೆಯ ಮರೆಯ ನಿಧಾನದ ನೀರಿಗೆ, ದಡದ ಬೇರುಗಳ ಸಂದಿಗೆ ಸರಿದುಕೊಳ್ಳುತ್ತದೆ.

ನೀರಿಗೆ ಕಾಲಿಡಲಿಲ್ಲ. ಬಂಡೆಯ ಹಿಂದೆ ಬಾಗಿ ನಿಂತು, ಎರಡು ಮಾರು ಲೈನನ್ನಷ್ಟೇ ಸೆಳವಿನ ಅಂಚಿಗೆ ಬಿಟ್ಟೆ. ಫ್ಲೈ ನೀರಿನ ಓಟಕ್ಕೇ ತೇಲಬೇಕು, ಲೈನ್ ಅದನ್ನು ಎಳೆಯಕೂಡದು. ಅದಕ್ಕೇ ಕೋಲಿನ ತುದಿಯಿಂದ ಲೈನನ್ನು ಎತ್ತಿ ಎತ್ತಿ ಮೇಲ್ಹರಿವಿನ ಕಡೆ ಇಡುತ್ತಿದ್ದೆ. ಬಂಡೆ ದಾಟುವಾಗ ಲೈನ್ ತಟಕ್ಕನೆ ನಿಂತಿತು. ಕೋಲೆತ್ತಿದೆ. ಅಡಿಯಲ್ಲಿ ಹಳದಿ ಹೊಟ್ಟೆ ಮಿಂಚಿತು.

ಮೊಳಕ್ಕಿಂತ ಚಿಕ್ಕ ಬ್ರೌನ್ ಟ್ರೌಟ್. ಪಕ್ಕೆಯ ಮೇಲೆ ಕೆಂಪು ಚುಕ್ಕೆ, ಪ್ರತಿ ಚುಕ್ಕೆಗೂ ಬಿಳಿಚಿದ ಬಳೆ. ಈ ಮೀನನ್ನು ಒಣಗೈಯಲ್ಲಿ ಮುಟ್ಟಲೇಬಾರದು, ಮೈಯ ಲೋಳೆ ಹೋದರೆ ರೋಗ ಹತ್ತುತ್ತದೆ. ಗಾಳದ ಹಿಮ್ಮುಳ್ಳನ್ನು ಮನೆಯಲ್ಲೇ ಇಕ್ಕಳದಿಂದ ಒತ್ತಿ ಮಟ್ಟ ಮಾಡಿದ್ದರಿಂದ ಸಲೀಸಾಗಿ ಬಿಟ್ಟುಕೊಂಡಿತು. ಹರಿವಿಗೆ ಮುಖ ಮಾಡಿಸಿ ನಿಧಾನದ ನೀರಲ್ಲಿ ಹಿಡಿದಿದ್ದೆ. ಬಾಲ ಬಡಿದು ತಾನೇ ಹೋಯಿತು.

ಮಧ್ಯಾಹ್ನದ ಹೊತ್ತಿಗೆ ಕಡ್ಡಿ, ಹಸಿ ಎಲೆ ತೇಲಿಬರತೊಡಗಿದವು, ನೀರು ಕೆಂಪಾಯಿತು. ಮೇಲೆಲ್ಲೋ ಜೋರು ಮಳೆ ಹೊಡೆದಿದೆ ಎಂದರ್ಥ. ಬೆಟ್ಟದ ಹೊಳೆ ನೋಡನೋಡುತ್ತಲೇ ಏರುತ್ತದೆ. ಆಗ ಇನ್ನೊಂದು ಸಲ ಎಸೆಯೋಣ ಎನ್ನುವ ಆಸೆಗೆ ಬೀಳಬಾರದು. ಇಬ್ಬರೂ ಸಾಮಾನು ಎತ್ತಿಕೊಂಡು ರಸ್ತೆಗೆ ಹತ್ತಿದೆವು. ರಾತ್ರಿ ಫ್ಲೈಗಳನ್ನೆಲ್ಲ ಪೇಪರಿನ ಮೇಲೆ ಹರವಿ ಒಣಗಿಸಿದೆ. ಒದ್ದೆಯಾಗಿಯೇ ಡಬ್ಬಿಗೆ ತುಂಬಿದರೆ ಬೆಂಗಳೂರು ಮುಟ್ಟುವಷ್ಟರಲ್ಲಿ ಗಾಳಗಳಿಗೆ ತುಕ್ಕು ಹಿಡಿದಿರುತ್ತದೆ.